ಠ ಬರೆಸಿ ನೋಡಿ: ಮನೆಯಲ್ಲಿ ಜೋಡಿಸಿದ ಸಿಎನ್‌ಸಿ ರೂಟರ್‌ನ ದೋಷ ಹಿಡಿಯುವ ಬಗೆ

ಸಿಎನ್‌ಸಿ ರೂಟರ್ ಎಂದರೆ ಕಂಪ್ಯೂಟರ್ ಹೇಳಿದ ದಾರಿಯಲ್ಲಿ ತಿರುಗುವ ಬಿಟ್ ಓಡಿಸಿ ಮರ ಕೊರೆಯುವ ಮೆಷಿನ್. ಅದರಲ್ಲಿ ಮನೆಬಾಗಿಲಿಗೆ ನಾಮಫಲಕ ಕೊರೆಯಲು ಕುಳಿತಾಗ ನನಗೆ ಮೊದಲು ಕೈಕೊಟ್ಟಿದ್ದು ಸೊನ್ನೆ. ಮನೆ ನಂಬರಿನ ಕೊನೆಯ ಸೊನ್ನೆ ಮೇಲೂ ಕೆಳಗೂ ಯಾರೋ ಬೆರಳಿಟ್ಟು ಒತ್ತಿದ ಹಾಗೆ ಚಪ್ಪಟೆಯಾಗಿ ಬಂತು. ಪರದೆಯ ಮೇಲೆ ಅದು ದುಂಡಗೇ ಇತ್ತು. ತಪ್ಪು ಸೆಟ್ಟಿಂಗಿನಲ್ಲಿದೆ ಎಂದುಕೊಂಡು ಮೂರು ಸಂಜೆ ಅಂಕಿಗಳನ್ನು ತಿದ್ದುತ್ತ ಕುಳಿತೆ. ಕೊನೆಗೆ ಸಿಕ್ಕಿದ್ದು ವೈ ಅಕ್ಷದ (ಹಿಂದೆ ಮುಂದೆ ಓಡುವ ದಿಕ್ಕಿನ) ಕಪ್ಲಿಂಗಿನಲ್ಲಿ, ಅಂದರೆ ಮೋಟರಿನ ಶಾಫ್ಟನ್ನು ಅಕ್ಷ ಓಡಿಸುವ ಸ್ಕ್ರೂಗೆ ಜೋಡಿಸುವ ಕೊಳವೆಯಲ್ಲಿ, ಅರ್ಧ ಸುತ್ತು ಸಡಿಲವಾಗಿದ್ದ ಒಂದು ಗ್ರಬ್ ಸ್ಕ್ರೂ (ತಲೆಯಿಲ್ಲದ ಪುಟ್ಟ ಸ್ಕ್ರೂ). ಅಷ್ಟರಲ್ಲಿ ಸರಿಯಿದ್ದ ಅಂಕಿಗಳನ್ನೂ ನಾನು ಕೆಡಿಸಿಟ್ಟಿದ್ದೆ. ಸ್ಕ್ರೂ ಬಿಗಿ ಮಾಡಿದ್ದು ಒಂದು ನಿಮಿಷದ ಕೆಲಸ, ಅಂಕಿಗಳನ್ನು ಮೊದಲಿನಂತೆ ಮಾಡಲು ಇನ್ನೊಂದು ದಿನ ಹೋಯಿತು.

ಆಮೇಲೆ ನಾನು ಕೆಲಸದ ಕ್ರಮವನ್ನೇ ಬದಲಿಸಿಕೊಂಡೆ. ಮೊದಲು ಮರದ ಮೇಲೆ ಬಿದ್ದ ಗುರುತನ್ನು ಓದುತ್ತೇನೆ, ಅದು ಬೆರಳು ತೋರಿಸಿದ ಭಾಗವನ್ನು ಮಾತ್ರ ಬಿಚ್ಚುತ್ತೇನೆ, ಸೆಟ್ಟಿಂಗಿಗೆ ಕೈ ಹಾಕುವುದು ಎಲ್ಲಕ್ಕಿಂತ ಕೊನೆಗೆ. ಚಪ್ಪಟೆಯಾದ ಸೊನ್ನೆ, ಓರೆಯಾದ ಸೊನ್ನೆ, ತುದಿ ಕೂಡದ ಸೊನ್ನೆ ಇವು ಮೂರು ಬೇರೆ ಬೇರೆ ರೋಗಗಳು. ನಮ್ಮ ಲಿಪಿ ದುಂಡಗಿನದು, ಹಾಗಾಗಿ ರೋಮನ್ ಅಕ್ಷರದ ನೇರ ಗೆರೆಗಳಲ್ಲಿ ಅಡಗಿ ಕೂರುವ ದೋಷ ಕನ್ನಡ ಕೊರೆಸಿದ ಕೂಡಲೇ ಕಣ್ಣಿಗೆ ಬೀಳುತ್ತದೆ. ನಾನು ಪರೀಕ್ಷೆಗೆ ಇಟ್ಟುಕೊಂಡಿರುವ ಅಕ್ಷರ ಠ. ಸುತ್ತ ವೃತ್ತ, ಒಳಗೆ ಒಂದು ಚುಕ್ಕೆ. ಮೆಷಿನ್ನಿನ ಆರೋಗ್ಯ ನೋಡಲು ಇದಕ್ಕಿಂತ ಒಳ್ಳೆಯ ಚಿತ್ರ ನನಗೆ ಸಿಕ್ಕಿಲ್ಲ.

ನನ್ನದು 3018 ಎಂದು ಕರೆಯುವ ಮಾದರಿ. 300 × 180 ಮಿ.ಮೀ. ಕೆಲಸದ ಜಾಗ, 775 ಮೋಟರಿನ ಸ್ಪಿಂಡಲ್ (ಬಿಟ್ ತಿರುಗಿಸುವ ಭಾಗ), ಇಆರ್11 ಕಾಲೆಟ್ (ಬಿಟ್ಟನ್ನು ಬಿಗಿಹಿಡಿಯುವ ಸೀಳು ಬಳೆ), 24 ವೋಲ್ಟಿನ ಪವರ್ ಸಪ್ಲೈ, ಜಿಆರ್‌ಬಿಎಲ್ ಓಡುವ ಬೋರ್ಡು. ಜಿಆರ್‌ಬಿಎಲ್ ಎಂಬುದು 2009ರಲ್ಲಿ ಸಿಮೆನ್ ಸ್ವಾಲೆ ಸ್ಕೋಗ್ಸ್‌ರುಡ್ ಶುರು ಮಾಡಿದ, ಕಂಪ್ಯೂಟರಿನ ಆಜ್ಞೆಗಳನ್ನು ಮೋಟರಿನ ಹೆಜ್ಜೆಗಳಾಗಿ ಬದಲಿಸುವ ಮುಕ್ತ ತಂತ್ರಾಂಶ. ಆರ್ಡುಯಿನೋ ಊನೋ ಎಂಬ ಪುಟ್ಟ ಬೋರ್ಡಿನಲ್ಲಿರುವ ಅಟ್‌ಮೆಗಾ328ಪಿ ಚಿಪ್ಪಿನ ಮೇಲೆಯೇ ಇದು ಓಡುತ್ತದೆ. ನಿಮ್ಮ ಮೆಷಿನ್ ದೊಡ್ಡದಿದ್ದರೂ ಜಿಆರ್‌ಬಿಎಲ್ ಇದ್ದರೆ ಇಲ್ಲಿ ಹೇಳಿದ್ದರಲ್ಲಿ ಹೆಚ್ಚಿನದು ಹೊಂದುತ್ತದೆ.

ಕರೆಂಟ್ ಕೊಡುವ ಮುನ್ನ

ಫ್ರೇಮನ್ನು ಅಡುಗೆಮನೆಯ ಗ್ರಾನೈಟ್ ಕಟ್ಟೆಯ ಮೇಲಿಟ್ಟು ನಾಲ್ಕು ಮೂಲೆಗಳನ್ನು ಒಂದೊಂದಾಗಿ ಒತ್ತಿ. ಯಾವುದಾದರೂ ಮೂಲೆ ಟಕ್ಕೆಂದರೆ ಫ್ರೇಮ್ ತಿರುಚಿದೆ ಎಂದರ್ಥ. ಸ್ಕ್ರೂಗಳನ್ನು ಅರ್ಧ ಸಡಿಲಿಸಿ, ಕಟ್ಟೆಯ ಮೇಲೆ ಒತ್ತಿಹಿಡಿದೇ ಮತ್ತೆ ಬಿಗಿ ಮಾಡಿ. ಮರದ ಮೇಜಿನ ಮೇಲೆ ಜೋಡಿಸಿದರೆ ಮೇಜಿನ ಉಬ್ಬುತಗ್ಗು ಫ್ರೇಮಿಗೆ ಬರುತ್ತದೆ.

ಆಮೇಲೆ ಮೂರೂ ಲೀಡ್ ಸ್ಕ್ರೂಗಳನ್ನು (ತಿರುಗಿ ಅಕ್ಷವನ್ನು ಸರಿಸುವ ಉದ್ದ ಸ್ಕ್ರೂಗಳು) ಕೈಯಿಂದ ನಿಧಾನಕ್ಕೆ ತಿರುಗಿಸಿ ಈ ತುದಿಯಿಂದ ಆ ತುದಿಗೆ ಓಡಿಸಿ. ನಿಧಾನವಾಗಿಯೇ ಆಗಬೇಕು, ಏಕೆಂದರೆ ತಿರುಗುವ ಸ್ಟೆಪರ್ ಮೋಟರ್ (ಹೆಜ್ಜೆ ಹೆಜ್ಜೆಯಾಗಿ ತಿರುಗುವ ಮೋಟರ್) ತಾನೇ ಕರೆಂಟ್ ಹುಟ್ಟಿಸಿ ಬೋರ್ಡಿಗೆ ಕಳಿಸುತ್ತದೆ. ಬೆರಳಿಗೆ ಎಲ್ಲ ಕಡೆ ಒಂದೇ ಬಿಗಿ ಸಿಗಬೇಕು. ನಡುವೆ ಹಗುರ, ತುದಿಗಳಲ್ಲಿ ಬಿಗಿ ಅನಿಸಿದರೆ ಲೀಡ್ ಸ್ಕ್ರೂ ಮತ್ತು ಗಾಡಿ (ಸ್ಕ್ರೂ ತಿರುಗಿದಂತೆ ಸರಿಯುವ ಭಾಗ) ಜಾರುವ ಸರಳುಗಳು ಸಮಾನಾಂತರವಾಗಿಲ್ಲ. ನಟ್ಟು ಕೂರಿಸಿದ ಬ್ಲಾಕಿನ ಸ್ಕ್ರೂಗಳನ್ನು ಸಡಿಲಿಸಿ, ಗಾಡಿಯನ್ನು ಬಿಗಿ ಇದ್ದ ತುದಿಗೆ ಒಯ್ದು, ಅದು ತಾನಾಗಿ ಕೂತ ಜಾಗದಲ್ಲೇ ಬಿಗಿ ಮಾಡಿ. ಪ್ರತಿ ಸುತ್ತಿಗೊಮ್ಮೆ ಒಂದೇ ಜಾಗದಲ್ಲಿ ಬಿಗಿಯಾದರೆ ಸ್ಕ್ರೂ ಬಾಗಿದೆ, ಇಲ್ಲವೇ ಕಪ್ಲಿಂಗ್ ಓರೆಯಾಗಿ ಕೂತಿದೆ. ಈ ಹತ್ತು ನಿಮಿಷವನ್ನು ಯಾರೂ ಬಿಡಬೇಡಿ. ಇಲ್ಲಿ ಬೆರಳಿಗೆ ಸಿಗುವ ದೋಷವನ್ನು ಆಮೇಲೆ ಮೋಟರಿನ ಶಬ್ದದಲ್ಲಿ ಹುಡುಕುವುದು ಬಹಳ ಕಷ್ಟ.

ಈಗ ಒಂದು ಮಾರ್ಕರ್ ಪೆನ್ ತಗೊಂಡು ಪ್ರತಿ ಕಪ್ಲಿಂಗಿನ ಮೇಲೆ ಮೋಟರಿನ ಶಾಫ್ಟಿನಿಂದ ಲೀಡ್ ಸ್ಕ್ರೂವರೆಗೆ ಒಂದೇ ನೇರ ಗೆರೆ ಎಳೆಯಿರಿ. ಇದು ಎಷ್ಟು ಉಪಕಾರಕ್ಕೆ ಬರುತ್ತದೆ ಎಂದು ಮುಂದೆ ಹೇಳುತ್ತೇನೆ.

ಕಂಪ್ಯೂಟರಿಗೆ ಕಾಣದಿದ್ದರೆ, ಕದಲದಿದ್ದರೆ

ಪೋರ್ಟೇ ಕಾಣಿಸದಿದ್ದರೆ ಮೊದಲು ಯುಎಸ್‌ಬಿ ಕೇಬಲ್ ಬದಲಿಸಿ. ಮೊಬೈಲ್ ಚಾರ್ಜರಿನ ಜತೆ ಬರುವ ಕೆಲವು ಕೇಬಲ್‌ಗಳಲ್ಲಿ ಡೇಟಾ ತಂತಿಯೇ ಇರುವುದಿಲ್ಲ. ಬೋರ್ಡಿನಲ್ಲಿ ಸಿಎಚ್340 ಚಿಪ್ ಇದ್ದರೆ ವಿಂಡೋಸಿಗೆ ಅದರ ಡ್ರೈವರ್ ತಂತ್ರಾಂಶ ಹಾಕಬೇಕಾಗಬಹುದು. ಸಂಪರ್ಕದ ವೇಗ 115200ಕ್ಕೆ ಇರಲಿ. ಸಂಪರ್ಕ ಸಿಕ್ಕರೆ ಜಿಆರ್‌ಬಿಎಲ್ ತನ್ನ ಹೆಸರು, ಆವೃತ್ತಿ ಹೇಳಿ ನಮಸ್ಕರಿಸುತ್ತದೆ. ಕೂಡಲೇ ಮೆಷಿನ್ನಿಗೆ ಆಜ್ಞೆ ಕಳಿಸುವ ತಂತ್ರಾಂಶದಲ್ಲಿ $$ ಟೈಪ್ ಮಾಡಿ, ಬಂದ ಎಲ್ಲ ಸೆಟ್ಟಿಂಗ್ ಸಾಲುಗಳನ್ನು ಒಂದು ಕಡತದಲ್ಲಿ ಉಳಿಸಿ. ಮುಂದೆ $21, $100 ಎಂದು ಬರುವುದೆಲ್ಲ ಈ ಸೆಟ್ಟಿಂಗುಗಳ ನಂಬರು. ಮೂರು ಸಂಜೆ ಕಳೆದ ನನ್ನ ಹತ್ತಿರ ಆ ಕಡತ ಇರಲಿಲ್ಲ.

ಅಕ್ಷ ಓಡಿಸುವ ಬಟನ್ ಒತ್ತಿದಾಗ ಎರರ್ 9 ಬಂದರೆ ಮೆಷಿನ್ ಬೀಗ ಹಾಕಿಕೊಂಡಿದೆ. ಅನ್‌ಲಾಕ್ ಬಟನ್ ಒತ್ತಿದರೆ ಬಿಡುತ್ತದೆ, ಆದರೆ ಯಾಕೆ ಬೀಗ ಬಿತ್ತು ಎಂದು ಅದಕ್ಕೂ ಮೊದಲು ನೋಡಿ. ಅಲಾರ್ಮ್ 1 ಎಂದರೆ ಲಿಮಿಟ್ ಸ್ವಿಚ್ (ಅಕ್ಷ ಓಟದ ಕೊನೆ ಮುಟ್ಟಿದಾಗ ನಿಲ್ಲಿಸುವ ಸ್ವಿಚ್) ತಗುಲಿದೆ. ಅಲಾರ್ಮ್ 2 ಎಂದರೆ ನೀವು ಕೇಳಿದ ಜಾಗ ಮೆಷಿನ್ನಿನ ಓಟದ ಆಚೆಗಿದೆ. ಲಿಮಿಟ್ ಸ್ವಿಚ್‌ಗಳೇ ಇಲ್ಲದ ಕಿಟ್ ಆಗಿದ್ದೂ ಅಲಾರ್ಮ್ 1 ಬರುತ್ತಿದ್ದರೆ $21ರ ಬೆಲೆ 1 ಆಗಿದೆ, ಅದನ್ನು 0 ಮಾಡಿ. ಸ್ವಿಚ್ ಇಲ್ಲದಾಗ ಗಾಳಿಯಲ್ಲಿ ತೂಗುವ ಆ ಪಿನ್ನುಗಳು ಸ್ಪಿಂಡಲ್ ಸದ್ದು ಮಾಡಿದಾಗಲೆಲ್ಲ ಬೆಚ್ಚುತ್ತವೆ.

ಮೋಟರ್ ತಿರುಗದೆ ಗುಂಯ್ ಎಂದು ನಡುಗಿದರೆ ಸಾಮಾನ್ಯವಾಗಿ ನಾಲ್ಕು ತಂತಿಗಳ ಜೋಡಿ ತಪ್ಪಿರುತ್ತದೆ. ಕರೆಂಟ್ ಪೂರ್ತಿ ತೆಗೆದು, ಮೋಟರಿನ ಪ್ಲಗ್ ಬೋರ್ಡಿನಿಂದ ಬಿಚ್ಚಿ, ಎರಡೆರಡು ತಂತಿಗಳನ್ನು ಮುಟ್ಟಿಸಿ ಶಾಫ್ಟ್ ತಿರುಗಿಸಿ. ಯಾವ ಎರಡು ಮುಟ್ಟಿಸಿದಾಗ ಶಾಫ್ಟ್ ಬಿಗಿಯಾಗುತ್ತದೋ ಅವು ಒಂದೇ ಕಾಯಿಲಿನ ಎರಡು ತುದಿ, ಅದೇ ಸರಿಯಾದ ಜೋಡಿ. ಮಲ್ಟಿಮೀಟರ್ ಕೂಡ ಬೇಕಿಲ್ಲ. ಕರೆಂಟ್ ಇರುವಾಗ ಮಾತ್ರ ಮೋಟರ್ ಪ್ಲಗ್ ಎಂದೂ ಬಿಚ್ಚಬೇಡಿ, ಆ ಕ್ಷಣದಲ್ಲೇ ಮೋಟರಿಗೆ ಕರೆಂಟ್ ಕೊಡುವ ಡ್ರೈವರ್ ಚಿಪ್ ಸುಟ್ಟುಹೋಗಬಹುದು. ಅಕ್ಷ ಉಲ್ಟಾ ಓಡಿದರೆ, ಅಂದರೆ ಅಕ್ಷರ ಕನ್ನಡಿಯಲ್ಲಿ ಕಂಡಂತೆ ಬಂದರೆ, ಅದು ದೋಷವೇ ಅಲ್ಲ. $3ರ ಬೆಲೆ ಬದಲಿಸಿದರೆ ಆಯಿತು.

ಠ ಏನು ಹೇಳುತ್ತದೆ

ಬಿಟ್ ಹಾಕಬೇಡಿ. ಸ್ಪಿಂಡಲ್ಲಿನ ತಂತಿಯನ್ನು ಬಿಚ್ಚಿಟ್ಟು, ಸ್ಪಿಂಡಲ್ಲಿಗೆ ಒಂದು ಬಾಲ್‌ಪೆನ್ ರಬ್ಬರ್ ಬ್ಯಾಂಡಿನಿಂದ ಬಿಗಿಯಾಗಿ ಕಟ್ಟಿ. ಹಲಗೆಗೆ ದಪ್ಪ ಕಾಗದ ಅಂಟಿಸಿ. 80 ಮಿ.ಮೀ. ವ್ಯಾಸದ ಒಂದು ವೃತ್ತ, ಅದರೊಳಗೇ 20 ಮಿ.ಮೀ. ವ್ಯಾಸದ ಇನ್ನೊಂದು, ಎರಡರ ಕೇಂದ್ರದಲ್ಲೂ ಒಂದೇ ಚುಕ್ಕೆ. ಚುಕ್ಕೆಯನ್ನು ಮೊದಲು ಇಡಿಸಿ, ವೃತ್ತಗಳನ್ನು ಬರೆಸಿ, ಕೊನೆಗೆ ಮತ್ತೆ ಅದೇ ಚುಕ್ಕೆಯ ಮೇಲೆ ಪೆನ್ ಇಳಿಸಿ. ಇದು ನನ್ನ ಠ. ಕ್ಯಾಲಿಪರ್ ಹಿಡಿದು ಪಕ್ಕದಿಂದ ಬೆಳಕು ಬೀಳುವ ಹಾಗೆ ಕುಳಿತುಕೊಳ್ಳಿ.

ಮೊದಲ ಚಹರೆ: ಎರಡೂ ವೃತ್ತಗಳು ಒಂದೇ ಅಕ್ಷದ ಉದ್ದಕ್ಕೆ ಹಿಗ್ಗಿವೆ ಅಥವಾ ಕುಗ್ಗಿವೆ. 80 ಇದ್ದದ್ದು 78.4, 20 ಇದ್ದದ್ದು 19.6. ಎರಡೂ ಕಡೆ ನೂರಕ್ಕೆ ಎರಡರಂತೆ ಕಡಿಮೆ. ತಪ್ಪು ಅಳತೆಯ ಜತೆ ಬೆಳೆಯುತ್ತಿದ್ದರೆ ಅದು ಸ್ಟೆಪ್ ಲೆಕ್ಕದ ತಪ್ಪು, $100, $101, $102 ಈ ಮೂರರಲ್ಲಿ ಒಂದು. ಲೆಕ್ಕ ಸರಳ. ಸಾಮಾನ್ಯ ಸ್ಟೆಪರ್ ಒಂದು ಸುತ್ತಿಗೆ 200 ಹೆಜ್ಜೆ, ಡ್ರೈವರ್ ಪ್ರತಿ ಹೆಜ್ಜೆಯನ್ನು 16 ಭಾಗ ಮಾಡುತ್ತದೆ, ಒಟ್ಟು 3,200. ಲೀಡ್ ಸ್ಕ್ರೂ ಒಂದು ಸುತ್ತಿಗೆ 4 ಮಿ.ಮೀ. ಸರಿದರೆ ಪ್ರತಿ ಮಿ.ಮೀ.ಗೆ 800. 8 ಮಿ.ಮೀ. ಸರಿಯುವ ಸ್ಕ್ರೂ ಆದರೆ 400, 2 ಮಿ.ಮೀ. ಆದರೆ 1,600. ನೂರು ಕೇಳಿದರೆ ಐವತ್ತೋ ಇನ್ನೂರೋ ಓಡುವ ಮೆಷಿನ್ನಿನಲ್ಲಿ ಈ ಮೂರರಲ್ಲಿ ತಪ್ಪಾದದ್ದು ಕೂತಿರುತ್ತದೆ.

ಇಲ್ಲಿ ನನ್ನ ಅಭಿಪ್ರಾಯ ಖಚಿತವಾಗಿದೆ. ಲೀಡ್ ಸ್ಕ್ರೂ ಇರುವ ಮೆಷಿನ್ನಿಗೆ ಲೆಕ್ಕದಿಂದ ಬಂದ ಅಂಕಿಯೇ ಇರಲಿ. ಅಳೆದು ನೋಡಿ 800 ಇದ್ದದ್ದನ್ನು 807.3 ಮಾಡುವವರು ಬಹುಮಟ್ಟಿಗೆ ಎಲ್ಲೋ ಇರುವ ಸಡಿಲಕ್ಕೆ ತೇಪೆ ಹಾಕುತ್ತಿರುತ್ತಾರೆ. ಸಡಿಲ ಹಾಗೇ ಉಳಿಯುತ್ತದೆ, ಅದರ ಮೇಲೆ ಲೆಕ್ಕವೂ ತಪ್ಪುತ್ತದೆ. ನಾನು ಮಾಡಿದ್ದು ಅದನ್ನೇ. ಲೆಕ್ಕದ ಅಂಕಿ ಹಾಕಿಯೂ 200 ಮಿ.ಮೀ. ಓಟದಲ್ಲಿ ವ್ಯತ್ಯಾಸ ಉಳಿದರೆ, ಒಂದೇ ದಿಕ್ಕಿನಿಂದ ಬಂದು ಅಳೆದಾಗಲೂ ಅದು ಉಳಿದರೆ, ಆಗ ತಿದ್ದಿ: ಹಳೆಯ ಅಂಕಿಯನ್ನು ಕೇಳಿದ ದೂರದಿಂದ ಗುಣಿಸಿ, ಓಡಿದ ದೂರದಿಂದ ಭಾಗಿಸಿ.

ಎರಡನೆಯ ಚಹರೆ: ದೊಡ್ಡದು 79.6, ಸಣ್ಣದು 19.6. ತಪ್ಪು ಎರಡರಲ್ಲೂ ಅದೇ 0.4. ಅಳತೆ ಬೆಳೆದರೂ ತಪ್ಪು ಬೆಳೆಯಲಿಲ್ಲ. ಗಡಿಯಾರದ 12 ಮತ್ತು 6ರ ಜಾಗದಲ್ಲಿ ಅಥವಾ 3 ಮತ್ತು 9ರ ಜಾಗದಲ್ಲಿ ಗೆರೆ ಚೂರು ನೇರವಾಗಿದೆ. ಇದು ಬ್ಯಾಕ್‌ಲ್ಯಾಷ್. ಅಕ್ಷ ದಿಕ್ಕು ಬದಲಿಸಿದಾಗ ಮೋಟರ್ ತಿರುಗಿದರೂ ಗಾಡಿ ಹೊರಡುವುದು ತಡ. ಆ ಹೊತ್ತಿನಲ್ಲಿ ಇನ್ನೊಂದು ಅಕ್ಷ ಮಾತ್ರ ಓಡಿ ನೇರ ಗೆರೆ ಬೀಳುತ್ತದೆ. ವೃತ್ತದ ನೆತ್ತಿಯಲ್ಲೂ ಬುಡದಲ್ಲೂ ದಿಕ್ಕು ಬದಲಿಸುವುದು ವೈ ಅಕ್ಷ, ಎಡಬಲದಲ್ಲಿ ಬದಲಿಸುವುದು ಎಕ್ಸ್. ಯಾವ ಜಾಗ ಚಪ್ಪಟೆಯಾಗಿದೆ ಎನ್ನುವುದರಲ್ಲೇ ಯಾವ ಅಕ್ಷ ಎಂಬ ಉತ್ತರ ಇದೆ. ನನ್ನ ಸೊನ್ನೆ ಮೊದಲ ದಿನವೇ ಇದನ್ನು ಹೇಳಿತ್ತು, ನಾನು ಓದಲಿಲ್ಲ.

ಹುಡುಕುವ ಕ್ರಮ: ಮೆಷಿನ್ ಚಾಲೂ ಇಟ್ಟು, ಮೋಟರ್ ಬಿಗಿಹಿಡಿದಿರುವಾಗ ಗಾಡಿಯನ್ನು ಕೈಯಿಂದ ಹಿಂದೆ ಮುಂದೆ ಅಲುಗಿಸಿ. ಇನ್ನೊಂದು ಕೈಯ ಬೆರಳನ್ನು ಕಪ್ಲಿಂಗ್ ಮೇಲಿಡಿ. ಕಪ್ಲಿಂಗ್ ಅಲುಗಿದರೂ ಮೋಟರ್ ಶಾಫ್ಟ್ ಅಲುಗದಿದ್ದರೆ ಗ್ರಬ್ ಸ್ಕ್ರೂ. ಲೀಡ್ ಸ್ಕ್ರೂವೇ ಉದ್ದಕ್ಕೆ ಜಾರಿದರೆ ತುದಿಯ ಬೇರಿಂಗಿನಲ್ಲಿ ಅದನ್ನು ಹಿಡಿಯುವ ಕಾಲರ್ ಸಡಿಲ. ಸ್ಕ್ರೂ ಕದಲದೆ ಗಾಡಿ ಮಾತ್ರ ಅಲುಗಿದರೆ ಹಿತ್ತಾಳೆ ನಟ್ಟು ಸವೆದಿದೆ, ಅಥವಾ ಸ್ಪ್ರಿಂಗ್ ಇರುವ ಜೋಡಿ ನಟ್ಟಿನಲ್ಲಿ ಸ್ಪ್ರಿಂಗ್ ಒತ್ತುತ್ತಿಲ್ಲ. ಗ್ರಬ್ ಸ್ಕ್ರೂವನ್ನು ಮೋಟರ್ ಶಾಫ್ಟಿನ ಚಪ್ಪಟೆ ಬದಿಯ ಮೇಲೆಯೇ ಕೂರಿಸಿ. ದುಂಡು ಬದಿಯ ಮೇಲೆ ಎಷ್ಟು ಬಿಗಿ ಮಾಡಿದರೂ ಅದು ವಾರದೊಳಗೆ ಬಿಡುತ್ತದೆ. ಕಳಚಬಾರದೆಂದು ಅಂಟು ಹಾಕುವುದಾದರೆ ಬಿಚ್ಚಲು ಬರುವ ಥ್ರೆಡ್ ಲಾಕರ್ ಒಂದು ಹನಿ ಸಾಕು.

ಮೂರನೆಯದು: ವೃತ್ತ ಓರೆಯಾಗಿ, ಒಂದು ಮೂಲೆಯ ಕಡೆಗೆ ಎಳೆದ ಹಾಗೆ ಮೊಟ್ಟೆಯಾಗಿದೆ. ನೆಟ್ಟಗೆ ಅಡ್ಡಡ್ಡ ಅಳೆದರೆ 80 ಸರಿಯಿದೆ, ಕರ್ಣದಲ್ಲಿ ಅಳೆದಾಗ ಒಂದು ಹೆಚ್ಚು, ಇನ್ನೊಂದು ಕಡಿಮೆ. ಎಕ್ಸ್ ಮತ್ತು ವೈ ಒಂದಕ್ಕೊಂದು ಲಂಬವಾಗಿಲ್ಲ. ಇದಕ್ಕೆ ಯಾವ ಸೆಟ್ಟಿಂಗೂ ಮದ್ದಲ್ಲ. 200 × 150 ಮಿ.ಮೀ. ಆಯತದ ನಾಲ್ಕು ಮೂಲೆಗೆ ಚುಕ್ಕೆ ಇಡಿಸಿ ಎರಡೂ ಕರ್ಣ ಅಳೆಯಿರಿ. ಎರಡೂ 250 ಬರಬೇಕು. ನಮ್ಮ ಗಾರೆಯವರು ಪಾಯ ಹಾಕುವಾಗ ಹಗ್ಗ ಹಿಡಿದು 3-4-5 ನೋಡುತ್ತಾರಲ್ಲ, ಅದೇ ಲೆಕ್ಕ. ಬರದಿದ್ದರೆ ಗ್ಯಾಂಟ್ರಿಯ (ಸ್ಪಿಂಡಲ್ ಹೊರುವ ಕಮಾನಿನ) ಎರಡೂ ಕಾಲುಗಳ ಸ್ಕ್ರೂ ಸಡಿಲಿಸಿ, ಮೂಲೆಮಟ್ಟ ಇಟ್ಟು, ಒಂದು ಕಾಲನ್ನು ಕೂದಲೆಳೆಯಷ್ಟು ಸರಿಸಿ ಬಿಗಿ ಮಾಡಿ.

ಹೆಜ್ಜೆ ತಪ್ಪುವುದು

ನಾಲ್ಕನೆಯ ಚಹರೆಗೆ ಬೇರೆ ತಲೆಬರಹ ಕೊಟ್ಟಿದ್ದೇನೆ, ಏಕೆಂದರೆ ಹೆಚ್ಚು ಮರ ಹಾಳಾಗುವುದು ಇದರಿಂದಲೇ. ವೃತ್ತದ ತುದಿಗಳು ಕೂಡುವುದಿಲ್ಲ. ಕೊನೆಯ ಚುಕ್ಕೆ ಮೊದಲ ಚುಕ್ಕೆಯ ಮೇಲೆ ಕೂರುವುದಿಲ್ಲ. ಫಲಕದಲ್ಲಾದರೆ ಅರ್ಧ ಹೆಸರು ಸರಿಯಾಗಿದ್ದು, ಉಳಿದರ್ಧ ಒಂದೆರಡು ಮಿ.ಮೀ. ಪಕ್ಕಕ್ಕೆ ಜಾರಿ ಕೂತಿರುತ್ತದೆ. ಈ ಮೆಷಿನ್ನುಗಳಿಗೆ ಕಣ್ಣಿಲ್ಲ. ಬೋರ್ಡು ಹೆಜ್ಜೆ ಎಣಿಸುತ್ತ ಕಳಿಸುತ್ತದೆ, ಮೋಟರ್ ನಿಜಕ್ಕೂ ಅಷ್ಟು ಹೆಜ್ಜೆ ಇಟ್ಟಿತೇ ಎಂದು ತಿರುಗಿ ಕೇಳುವುದಿಲ್ಲ. ಒಮ್ಮೆ ತಪ್ಪಿದರೆ ಅಲ್ಲಿಂದ ಮುಂದಿನದೆಲ್ಲ ತಪ್ಪೇ.

ಈಗ ಆ ಮಾರ್ಕರ್ ಗೆರೆ ನೋಡಿ. ಶಾಫ್ಟಿನ ಗೆರೆಯೂ ಕಪ್ಲಿಂಗಿನ ಗೆರೆಯೂ ಒಂದಕ್ಕೊಂದು ಸರಿದಿದ್ದರೆ ಮೋಟರ್ ತನ್ನ ಕೆಲಸ ಮಾಡಿದೆ, ಹಿಡಿತ ಜಾರಿದೆ. ಅಲೆನ್ ಕೀ ಸಾಕು. ಗೆರೆ ನೆಟ್ಟಗೇ ಇದ್ದರೆ ಮೋಟರೇ ಹೆಜ್ಜೆ ತಪ್ಪಿಸಿದೆ. ಒಂದು ಗೆರೆ ಅರ್ಧ ದಿನದ ಹುಡುಕಾಟ ಉಳಿಸುತ್ತದೆ.

ಮೋಟರ್ ಹೆಜ್ಜೆ ತಪ್ಪಿಸಲು ಕಾರಣ ಮೂರು ಬಗೆ: ಹೊರೆ ಹೆಚ್ಚು, ಅವಸರ ಹೆಚ್ಚು, ಶಕ್ತಿ ಕಡಿಮೆ. ಗಾಳಿಯಲ್ಲೇ, ಬಿಟ್ ಮರ ಮುಟ್ಟದ ಹಾಗೆ ಅದೇ ಕಡತ ಓಡಿಸಿ. ಗಾಳಿಯಲ್ಲಿ ಸರಿಯಾಗಿ ಬಂದು ಮರದಲ್ಲಿ ಮಾತ್ರ ತಪ್ಪಿದರೆ ಹೊರೆ ಹೆಚ್ಚಾಗಿದೆ, ಒಂದು ಸಲಕ್ಕೆ ಇಳಿಯುವ ಆಳವನ್ನು ಅರ್ಧ ಮಾಡಿ. ಗಾಳಿಯಲ್ಲೂ ತಪ್ಪಿದರೆ, ಅದರಲ್ಲೂ ಬಿಟ್ ಎತ್ತಿ ವೇಗವಾಗಿ ಇನ್ನೊಂದು ಜಾಗಕ್ಕೆ ಹಾರುವಾಗ ಟರ್ ಎಂಬ ಸದ್ದು ಬಂದರೆ, ಅವಸರ. $110ರಿಂದ $112ರವರೆಗಿನ ಗರಿಷ್ಠ ವೇಗವನ್ನೂ $120ರಿಂದ $122ರವರೆಗಿನ ವೇಗೋತ್ಕರ್ಷವನ್ನೂ ಅರ್ಧಕ್ಕಿಳಿಸಿ ನೋಡಿ. ಒಟ್ಟಿಗೆ ಎರಡನ್ನೂ ಬೇಡ, ಒಂದೊಂದಾಗಿ. ಜಿಆರ್‌ಬಿಎಲ್ ಸೆಕೆಂಡಿಗೆ ಸುಮಾರು 30,000 ಹೆಜ್ಜೆ ಕಳಿಸಬಲ್ಲದು. ಪ್ರತಿ ಮಿ.ಮೀ.ಗೆ 800 ಹೆಜ್ಜೆಯ ಮೆಷಿನ್ನಿಗೆ ಅದು ನಿಮಿಷಕ್ಕೆ 2,250 ಮಿ.ಮೀ. ಆಯಿತು. ಅದಕ್ಕಿಂತ ಹೆಚ್ಚು ಬರೆದಿಟ್ಟು ಪ್ರಯೋಜನವಿಲ್ಲ. ಸಣ್ಣ ಮೋಟರುಗಳು ಅದಕ್ಕೂ ಬಹಳ ಮೊದಲೇ ಸೋಲುತ್ತವೆ. ನಾನು 1,000ದಲ್ಲಿ ನಿಲ್ಲಿಸಿದ್ದೇನೆ.

ಇವೆರಡೂ ಅಲ್ಲದಿದ್ದರೆ ಡ್ರೈವರ್ ಕೊಡುವ ಕರೆಂಟ್ ನೋಡಬೇಕು. ಎ4988 ಡ್ರೈವರ್ ಮೇಲಿನ ಪುಟ್ಟ ತಿರುಗಣೆಯಲ್ಲಿ ವೋಲ್ಟೇಜ್ ಅಳೆದು ಹೊಂದಿಸುತ್ತಾರೆ. ಅದರಲ್ಲಿ ಕರೆಂಟ್ ಅಳೆಯುವ ಸೆನ್ಸ್ ರೆಸಿಸ್ಟರ್ 0.1 ಓಮ್ ಇದ್ದರೆ 1 ಆಂಪಿಯರಿಗೆ 0.8 ವೋಲ್ಟ್, 0.05 ಓಮ್ ಇದ್ದರೆ 0.4 ವೋಲ್ಟ್. ಮೋಟರ್ ಮೇಲೆ ಬರೆದ ಗರಿಷ್ಠದ ಮುಕ್ಕಾಲು ಭಾಗ ಸಾಕು. ಕೆಲಸ ಶುರುವಾಗಿ ಇಪ್ಪತ್ತು ನಿಮಿಷ ಸರಿಯಿದ್ದು ಆಮೇಲೆ ತಪ್ಪತೊಡಗಿದರೆ ಕರೆಂಟ್ ಕಡಿಮೆಯಲ್ಲ, ಹೆಚ್ಚು. ಚಿಪ್ ಕಾದು ತನ್ನನ್ನು ತಾನೇ ಕ್ಷಣಕಾಲ ಆರಿಸಿಕೊಳ್ಳುತ್ತಿದೆ. ಅದರ ಮೇಲೆ ಹೀಟ್ ಸಿಂಕ್ ಕೂತಿದೆಯೇ, ಗಾಳಿ ಆಡುತ್ತಿದೆಯೇ ನೋಡಿ. ಬೇಸಗೆ ಮಧ್ಯಾಹ್ನ ತಪ್ಪಿ ರಾತ್ರಿ ಸರಿಹೋಗುವ ಮೆಷಿನ್ನಿಗೆ ಕಾರಣ ಇದೇ ಇರುತ್ತದೆ.

ಆಳ ಒಂದೇ ಸಮ ಇಲ್ಲದಿದ್ದರೆ

ಕೆಲಸ ಮುಂದುವರಿದಂತೆ ಕೊರೆತ ಆಳವಾಗುತ್ತಲೇ ಹೋದರೆ ಬಿಟ್ ಕಾಲೆಟ್‌ನಿಂದ ಕೆಳಕ್ಕೆ ಜಾರುತ್ತಿದೆ. ಹೊಟ್ಟನ್ನು ಮೇಲಕ್ಕೆ ಎತ್ತುವ ಸುರುಳಿ ಬಿಟ್‌ಗಳು ತಮ್ಮನ್ನು ತಾವೇ ಮರದೊಳಗೆ ಎಳೆದುಕೊಳ್ಳುತ್ತವೆ. ಬಿಟ್ಟಿನ ಹಿಡಿಯ ಮೇಲೆ, ಕಾಲೆಟ್ ಅಂಚಿಗೆ ಸರಿಯಾಗಿ ಮಾರ್ಕರಿನಿಂದ ಗುರುತು ಮಾಡಿ, ಕೆಲಸ ಮುಗಿದ ಮೇಲೆ ನೋಡಿ. ಇಆರ್ ಕಾಲೆಟ್ ಕೂರಿಸುವುದಕ್ಕೆ ಒಂದು ಕ್ರಮ ಇದೆ. ಮೊದಲು ಕಾಲೆಟನ್ನು ನಟ್ಟಿನೊಳಗೆ ಓರೆಯಾಗಿ ಒತ್ತಿ ಟಕ್ಕೆನ್ನಿಸಬೇಕು, ಆಮೇಲೆ ನಟ್ಟನ್ನು ಸ್ಪಿಂಡಲ್ಲಿಗೆ ಸಡಿಲವಾಗಿ ಏರಿಸಬೇಕು, ಬಿಟ್ ಹಾಕಿ ಎರಡು ಸ್ಪ್ಯಾನರಿನಿಂದ ಬಿಗಿ ಮಾಡಬೇಕು. ಕಾಲೆಟನ್ನು ಸ್ಪಿಂಡಲ್ಲಿನಲ್ಲಿಟ್ಟು ಮೇಲಿನಿಂದ ನಟ್ಟು ತಿರುಗಿಸಿದರೆ ಬಿಗಿಯಾದಂತೆ ಕಾಣುತ್ತದೆ, ಆದರೆ ಹಿಡಿಯುವುದಿಲ್ಲ, ಬಿಟ್ ತೂಗಾಡುತ್ತದೆ. ಹೊಸಬರು ಎಡವುವ ಜಾಗ ಇದು.

ಫಲಕದ ಒಂದು ಬದಿಯ ಅಕ್ಷರ ದಪ್ಪ, ಇನ್ನೊಂದು ಬದಿಯದು ತೆಳು ಬಂದರೆ ಮರ ಅಥವಾ ಕೆಳಗಿನ ಹಾಸು ಮಟ್ಟವಾಗಿಲ್ಲ. ವಿ ಬಿಟ್ ಹಾಕಿದಾಗ ಇದು ಎದ್ದು ಕಾಣುತ್ತದೆ, ಏಕೆಂದರೆ 90 ಡಿಗ್ರಿ ಬಿಟ್ 1 ಮಿ.ಮೀ. ಇಳಿದರೆ 2 ಮಿ.ಮೀ. ಅಗಲದ ಗೆರೆ ಬೀಳುತ್ತದೆ. ಅರ್ಧ ಮಿ.ಮೀ. ಏರುಪೇರು ಎಂದರೆ ಅಕ್ಷರದ ಅಗಲದಲ್ಲಿ ಪೂರ್ತಿ 1 ಮಿ.ಮೀ. ವ್ಯತ್ಯಾಸ. ಹಾಸಿನ ಮೇಲೆ ಎಂಡಿಎಫ್ ಹಲಗೆ (ಮರದ ನಾರನ್ನು ಅಂಟಿನಿಂದ ಒತ್ತಿ ಮಾಡಿದ್ದು) ಬಿಗಿದು, ಚಪ್ಪಟೆ ಬಿಟ್‌ನಿಂದ ಅದರ ಮೇಲ್ಮೈಯನ್ನೆಲ್ಲ ಅರ್ಧ ಮಿ.ಮೀ. ಒಂದೇ ಸಮ ಹೆರೆಸಿಬಿಡಿ. ಮಲೆನಾಡಿನಲ್ಲೋ ಕರಾವಳಿಯಲ್ಲೋ ಇದ್ದರೆ ಮಳೆಗಾಲ ಶುರುವಾದ ಮೇಲೆ ಇದನ್ನು ಮತ್ತೊಮ್ಮೆ ಮಾಡಬೇಕು. ಎಂಡಿಎಫ್ ತೇವ ಕುಡಿದು ಉಬ್ಬುತ್ತದೆ. ಹೆರೆಯುವಾಗ ಬರುವ ಧೂಳು ಮೈದಾಹಿಟ್ಟಿನಷ್ಟು ಸಣ್ಣದು. ಎನ್95 ಮಾಸ್ಕ್, ಕನ್ನಡಕ ಇಲ್ಲದೆ ಆ ಕೋಣೆಯಲ್ಲಿ ನಿಲ್ಲಬೇಡಿ, ಮಕ್ಕಳನ್ನಂತೂ ಬಿಡಲೇಬೇಡಿ.

ಕೆಲಸ ನಿಂತಾಗ ಸ್ಪಿಂಡಲ್ ತಾನಾಗಿ ಕೆಳಗೆ ಕುಸಿದರೆ $1ಕ್ಕೆ 255 ಕೊಡಿ, ಮೋಟರುಗಳು ಹಿಡಿತ ಬಿಡುವುದಿಲ್ಲ. ಮೋಟರ್ ಬೆಚ್ಚಗಾಗುವುದು ಸಹಜ.

ಮರ ಕಪ್ಪಾಗಿ ಸುಟ್ಟ ವಾಸನೆ ಬರುವುದು ಬಿಟ್ ನಿಧಾನವಾಗಿ ಓಡುವುದರಿಂದ. ಹೊಟ್ಟು ಪುಡಿಯಾಗಿ ಬರಬಾರದು, ತುಣುಕಾಗಿ ಬರಬೇಕು. 3.175 ಮಿ.ಮೀ.ನ ಎರಡು ಅಲಗಿನ ಬಿಟ್, ಮೆದು ಮರ, ನಿಮಿಷಕ್ಕೆ 600 ಮಿ.ಮೀ., ಒಂದು ಸಲಕ್ಕೆ ಅರ್ಧ ಮಿ.ಮೀ. ಆಳ: ಇಲ್ಲಿಂದ ಶುರು ಮಾಡಿ. ಕಿಟ್ ಜತೆ ಬರುವ ಸೂಜಿಮೊನೆಯ ಬಿಟ್‌ಗಳು ಸರ್ಕ್ಯೂಟ್ ಬೋರ್ಡು ಕೊರೆಯಲಿಕ್ಕೆ. ಸಾಗುವಾನಿಗೆ ಹಾಕಿದರೆ ಮೊದಲ ಸುತ್ತಿನಲ್ಲೇ ಮೊನೆ ಹೋಗುತ್ತದೆ.

ಅರ್ಧದಲ್ಲಿ ನಿಂತರೆ

ಒಂದೂವರೆ ಗಂಟೆಯ ಕೆಲಸ ಐವತ್ತನೆಯ ನಿಮಿಷದಲ್ಲಿ ನಿಂತಾಗ ಆಗುವ ಸಂಕಟ ಅನುಭವಿಸಿದವರಿಗೇ ಗೊತ್ತು. ಕಂಪ್ಯೂಟರ್ ನಿದ್ದೆಗೆ ಹೋಯಿತೇ, ಕರೆಂಟ್ ಹೋಗಿ ಇನ್ವರ್ಟರ್ ಹಿಡಿಯುವ ಆ ಚಣದಲ್ಲಿ ಬೋರ್ಡು ರೀಸೆಟ್ ಆಯಿತೇ ನೋಡಿ. ಎರಡೂ ಅಲ್ಲದಿದ್ದರೆ ವಿದ್ಯುತ್ ಗದ್ದಲ. 775 ಮೋಟರ್ ಬ್ರಷ್ ಇರುವ ಮೋಟರ್. ಬ್ರಷ್ ಉಜ್ಜುವಲ್ಲಿ ಹಾರುವ ಕಿಡಿಗಳು ಪಕ್ಕದ ಯುಎಸ್‌ಬಿ ಕೇಬಲ್ಲಿಗೆ ಕೂಗು ಹಾಕುತ್ತವೆ.

ಖಚಿತ ಮಾಡಿಕೊಳ್ಳಲು ಅದೇ ಕಡತವನ್ನು ಮೂರು ಸಲ ಓಡಿಸಿ. ಮೊದಲು ಸ್ಪಿಂಡಲ್ ಆಫ್, ಗಾಳಿಯಲ್ಲಿ. ಆಮೇಲೆ ಸ್ಪಿಂಡಲ್ ಆನ್, ಗಾಳಿಯಲ್ಲೇ. ಕೊನೆಗೆ ಮರದಲ್ಲಿ. ಎರಡನೆಯದರಲ್ಲಿ ನಿಂತರೆ ಗದ್ದಲ ಎಂದು ತೀರ್ಮಾನಿಸಬಹುದು. ಮೋಟರಿನ ಎರಡು ತುದಿಗಳ ನಡುವೆ 0.1 ಮೈಕ್ರೋಫ್ಯಾರಡ್ ಸೆರಾಮಿಕ್ ಕೆಪಾಸಿಟರ್ ಬೆಸೆಯಿರಿ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಾಗಲಿ, ನಿಮ್ಮೂರಿನ ಟಿವಿ ರಿಪೇರಿ ಅಂಗಡಿಯಲ್ಲಾಗಲಿ ಸಿಗುವ ವಸ್ತು. ಯುಎಸ್‌ಬಿ ಕೇಬಲ್ ಗಿಡ್ಡದ್ದು, ಫೆರೈಟ್ ಗುಂಡು ಇರುವಂಥದ್ದು ಇರಲಿ, ಸ್ಪಿಂಡಲ್ ತಂತಿಯ ಜತೆ ಒಟ್ಟಿಗೆ ಕಟ್ಟಬೇಡಿ. ಪವರ್ ಸಪ್ಲೈಗೆ ಮೂರು ಪಿನ್ನಿನ ಪ್ಲಗ್ಗು ಇದ್ದರೂ ಗೋಡೆಯ ಸಾಕೆಟ್ಟಿನಲ್ಲಿ ಅರ್ತ್ ನಿಜವಾಗಿ ಇದೆಯೇ ಎಂದು ಎಲೆಕ್ಟ್ರಿಷಿಯನ್ನರಿಂದ ನೋಡಿಸಿ. ಲ್ಯಾಪ್‌ಟಾಪ್ ಚಾರ್ಜರ್ ತೆಗೆದಾಗ ತೊಂದರೆ ನಿಂತರೆ ದೋಷ ಆ ಕಡೆಯಿಂದ ಬರುತ್ತಿದೆ. ವ್ಯಾಕ್ಯೂಮ್ ಹಚ್ಚಿದಾಗ ಮಾತ್ರ ನಿಂತರೆ ಪ್ಲಾಸ್ಟಿಕ್ ಪೈಪಿನೊಳಗೆ ಓಡುವ ಧೂಳು ಹುಟ್ಟಿಸುವ ಸ್ಥಾಯೀ ವಿದ್ಯುತ್ ಕಾರಣ. ಪೈಪಿಗೆ ತಂತಿ ಸುತ್ತಿ ಅರ್ತಿಗೆ ಕೊಡಬೇಕು.

ಕನ್ನಡ ಬರೆದಿದ್ದಕ್ಕೆ ನಿಧಾನವಾದ ಮೆಷಿನ್

ಇದು ನಮಗೆ ವಿಶೇಷವಾಗಿ ಬೇಕಾದ ಸಂಗತಿ. ಎರಡು ಭಾಗ ಇದೆ.

ಮೊದಲನೆಯದು ಸುಲಭ. ವಿನ್ಯಾಸ ಮಾಡುವ ಕೆಲವು ತಂತ್ರಾಂಶಗಳಿಗೆ ಒತ್ತಕ್ಷರ ಕೂಡಿಸಲು ಬರುವುದಿಲ್ಲ. ಶ್ರೀ ಬರೆದರೆ ಶ, ರ ಬೇರೆ ಬೇರೆ ನಿಂತು ನಡುವೆ ಅರ್ಧಾಕ್ಷರದ ಗುರುತು ಬೀಳುತ್ತದೆ. ಇಂಕ್‌ಸ್ಕೇಪ್ ಎಂಬ ಚಿತ್ರ ಬಿಡಿಸುವ ತಂತ್ರಾಂಶ ಕನ್ನಡವನ್ನು ಸರಿಯಾಗಿ ಕೂಡಿಸುತ್ತದೆ. ಅದರಲ್ಲಿ ಬರೆದು, ಅಕ್ಷರವನ್ನು ಪಾತ್ (ಬರೀ ಗೆರೆಗಳ ಚಿತ್ರ) ಆಗಿ ಬದಲಿಸಿ, ಎಸ್‌ವಿಜಿ ಕಡತ ಮಾಡಿ ಒಯ್ಯಿರಿ.

ಎರಡನೆಯದು ನನ್ನನ್ನು ಬಹಳ ದಿನ ಕಾಡಿತು. ಒಂದು ಫಲಕದ ಕೆಲಸದಲ್ಲಿ ಮೆಷಿನ್ ಕೊರೆಯುವಾಗ ಸರಿಯಾದ ವೇಗ, ಬಿಟ್ ಎತ್ತಿ ಹಾರುವಾಗ ಮಾತ್ರ ಆಮೆಗತಿ. ಕಾಲು ಭಾಗ ವೇಗ. ಬೇರೆ ಕಡತ ಹಾಕಿದರೆ ಸರಿ. ಸ್ಕ್ರೂ, ಗ್ರೀಸ್, ಡ್ರೈವರ್ ಎಲ್ಲ ನೋಡಿದೆ, ದೋಷವಿಲ್ಲ. ಕೊನೆಗೆ ಬೋರ್ಡು ಕಳಿಸುವ ಸ್ಥಿತಿ ವರದಿಯಲ್ಲಿ 100,25,100 ಎಂದಿರುವುದು ಕಂಡಿತು. ಕೊರೆಯುವ ವೇಗ, ಹಾರುವ ವೇಗ, ಸ್ಪಿಂಡಲ್ ವೇಗ ಈ ಮೂರನ್ನು ಶೇಕಡಾವಾರು ತೋರಿಸುವ ಅಂಕಿಗಳು ಅವು. ಯಾರೋ ನಡುವಿನದನ್ನು 25ಕ್ಕೆ ಇಳಿಸಿದ್ದರು. ನಾನು ಮುಟ್ಟಿರಲಿಲ್ಲ.

ಇಳಿಸಿದ್ದು ‘ಗ’ ಅಕ್ಷರ. ಗುರುತಿಗಿರಲಿ ಎಂದು ಜಿ-ಕೋಡ್ ಕಡತದ (ಮೆಷಿನ್ನಿಗೆ ಸಾಲುಸಾಲಾಗಿ ಆಜ್ಞೆ ಬರೆದ ಕಡತದ) ತಲೆಯಲ್ಲಿ ಆವರಣದೊಳಗೆ ‘ಗಣಪತಿ’ ಎಂದು ಟಿಪ್ಪಣಿ ಬರೆದಿದ್ದೆ. ಕಂಪ್ಯೂಟರ್ ಪ್ರತಿ ಕನ್ನಡ ಅಕ್ಷರವನ್ನು ಮೂರು ಬೈಟುಗಳಾಗಿ ಕಳಿಸುತ್ತದೆ. ಗ ಅಕ್ಷರದ ಮೂರನೆಯ ಬೈಟಿನ ಬೆಲೆ 151. ಜಿಆರ್‌ಬಿಎಲ್ 1.1ರಲ್ಲಿ 127ಕ್ಕಿಂತ ದೊಡ್ಡ ಬೈಟುಗಳು ಓದುವ ಪಠ್ಯವಲ್ಲ, ಆ ಕ್ಷಣವೇ ಪಾಲಿಸಬೇಕಾದ ಆಜ್ಞೆಗಳು. ಟಿಪ್ಪಣಿಯ ಒಳಗಿದ್ದರೂ ಅವು ಆಜ್ಞೆಯೇ. 151 ಎಂದರೆ ‘ಹಾರುವ ವೇಗ ಕಾಲು ಭಾಗ ಮಾಡು’. ಖ ಅಕ್ಷರ ಅರ್ಧ ಮಾಡುತ್ತದೆ, ಕ ಪೂರ್ತಿ ವೇಗಕ್ಕೆ ತರುತ್ತದೆ. ಒ ಬರೆದರೆ ಕೊರೆಯುವ ವೇಗದಲ್ಲಿ ಶೇಕಡಾ 10 ಇಳಿಯುತ್ತದೆ. ಚ ಬರೆದರೆ ಸ್ಪಿಂಡಲ್ ವೇಗ ಶೇಕಡಾ 10 ಏರುತ್ತದೆ. ಕಾರ್ಯಕ್ರಮ ಮುಗಿದಾಗ ಜಿಆರ್‌ಬಿಎಲ್ ತಾನಾಗಿ ಎಲ್ಲವನ್ನೂ 100ಕ್ಕೆ ತರುವುದರಿಂದ ಮುಂದಿನ ಕಡತದಲ್ಲಿ ಸುಳಿವೇ ಉಳಿಯುತ್ತಿರಲಿಲ್ಲ.

ಕಡತ ಕಳಿಸುವ ಕೆಲವು ತಂತ್ರಾಂಶಗಳು ಟಿಪ್ಪಣಿಗಳನ್ನು ಮೊದಲೇ ಕಿತ್ತುಹಾಕಿ ಕಳಿಸುತ್ತವೆ, ಅವುಗಳಲ್ಲಿ ಈ ತೊಂದರೆ ಇಲ್ಲ. ನಿಮ್ಮದು ಯಾವ ಬಗೆ ಎಂದು ತಿಳಿಯಲು ಸ್ಪಿಂಡಲ್ ಆಫ್ ಮಾಡಿ, ಮೇಲಿನ ಸಾಲಿನಲ್ಲಿ ‘ಗ’ ಒಂದನ್ನೇ ಟಿಪ್ಪಣಿಯಾಗಿ ಇಟ್ಟು ಗಾಳಿಯಲ್ಲಿ ಓಡಿಸಿ, ಸ್ಥಿತಿ ವರದಿಯ ನಡುವಿನ ಅಂಕಿ ನೋಡಿ. 25 ಬಂದರೆ ಜಿ-ಕೋಡ್ ಕಡತದ ಒಳಗೆ ಕನ್ನಡ ಬರೆಯಬೇಡಿ. ವಿನ್ಯಾಸದಲ್ಲಿ ಪದರಗಳಿಗೆ ಕನ್ನಡ ಹೆಸರಿಟ್ಟಿದ್ದರೆ ಅವೂ ಟಿಪ್ಪಣಿಯಾಗಿ ಕಡತಕ್ಕೆ ಬಂದು ಸೇರಬಹುದು, ಅದನ್ನೂ ಒಮ್ಮೆ ತೆರೆದು ನೋಡಿ. ನಾನೀಗ ಪದರಗಳಿಗೆ 1, 2, 3 ಎಂದು ಅಂಕಿ ಕೊಟ್ಟು, ಯಾವುದು ಯಾವ ಹೆಸರಿನದೆಂದು ಪಕ್ಕದ ನೋಟುಬುಕ್ಕಿನಲ್ಲಿ ಬರೆದಿಡುತ್ತೇನೆ.